ಕೋಲಾರದ ದುಡಿಮೆ, ಬೆಂಗಳೂರಿನ ಲೆಕ್ಕ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಪುಟ್ಟ ರೈಲು ಕವಲು ಹುಟ್ಟಿದ್ದೇ ಚಿನ್ನಕ್ಕಾಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ ಆ ಹಳಿಯ ಮೇಲೆ ಗಣಿಗೆ ಬೇಕಾದ ಕಲ್ಲಿದ್ದಲು, ಯಂತ್ರ, ಮರಮುಟ್ಟು ಬರುತ್ತಿದ್ದವು. ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದರು. ಇಂದು ಅದೇ ಹಳಿಯ ಮೇಲೆ ಜನ ಎದುರು ದಿಕ್ಕಿಗೆ ಹೊರಡುತ್ತಾರೆ. ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪಂ, ಊರ್ಗಾಂ, ಚಾಂಪಿಯನ್, ಕೋರಮಂಡಲ್ ನಿಲ್ದಾಣಗಳಲ್ಲಿ ತುಂಬಿಕೊಳ್ಳುವ ರೈಲು ಬಂಗಾರಪೇಟೆ, ಮಾಲೂರುಗಳನ್ನು ದಾಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೆಕ್ಯುರಿಟಿ ಕೆಲಸದವರು, ಆಸ್ಪತ್ರೆಯ ನರ್ಸುಗಳು, ಗಾರ್ಮೆಂಟ್ಸ್‌ ಹೆಣ್ಣುಮಕ್ಕಳು, ಬಣ್ಣ ಬಳಿಯುವವರು, ಅಂಗಡಿಯ ಸೇಲ್ಸ್ ಹುಡುಗರು, ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಎಲ್ಲರೂ ಅದರಲ್ಲಿದ್ದಾರೆ. ಇವರ ಮನೆ ಕೋಲಾರ ಜಿಲ್ಲೆಯಲ್ಲಿ, ದುಡಿಮೆ ಬೆಂಗಳೂರಿನಲ್ಲಿ.

ಕರ್ನಾಟಕದ ಉದ್ಯೋಗದ ಚಿತ್ರ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ ಪ್ರಮಾಣ ಶೇ 3.2. ಕರ್ನಾಟಕದ್ದು ಅದಕ್ಕಿಂತ ಕಡಿಮೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಆ ನಗರಕ್ಕೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಕೋಲಾರಕ್ಕೆ ಇದರಿಂದ ಬಂದದ್ದೇನು? ನಿರುದ್ಯೋಗದ ಅಂಕಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಆ ಕೆಲಸ ಎಲ್ಲಿದೆ, ಎಷ್ಟು ದಿನ ಇರುತ್ತದೆ, ಯಾರ ಹಾಜರಿ ಪುಸ್ತಕದಲ್ಲಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಜಿಲ್ಲೆಯ ನೂರು ವರ್ಷಗಳ ದುಡಿಮೆಯ ಕಥೆಯನ್ನೂ ನೆರೆಯ ಊರುಗಳ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ: ಕೋಲಾರದವರಿಗೆ ಕೆಲಸ ಸಿಗುತ್ತಿದೆ, ಆದರೆ ನೆಲೆ ನಿಲ್ಲುವ ಕೆಲಸ ಸಿಗುತ್ತಿಲ್ಲ.

ಗಣಿ ಕಟ್ಟಿದ ಊರು

ಒಂದು ಕಾಲದಲ್ಲಿ ಈ ಲೆಕ್ಕ ತಿರುಗುಮುರುಗಾಗಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಕೋಲಾರದ ಚಿನ್ನದ ಗಣಿ ಮೈಸೂರು ಸಂಸ್ಥಾನದ ಬಹುದೊಡ್ಡ ಉದ್ಯೋಗದಾತನಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಮೂವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ತಲುಪಿದ್ದು ಗಣಿಯ ಊರಾದ ಕೆಜಿಎಫ್ ಅನ್ನು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು ಆ ಬಳಿಕ, 1905ರಲ್ಲಿ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ಕುಟುಂಬಗಳು ಗಣಿಯ ಲೈನು ಮನೆಗಳಲ್ಲಿ ನೆಲೆಸಿದವು. ಸುತ್ತಲ ಹಳ್ಳಿಗಳ ರೈತರಿಗೆ ತರಕಾರಿ, ಹಾಲು, ಸೌದೆ ಮಾರಲು ಮನೆಬಾಗಿಲಲ್ಲೇ ಒಂದು ಪೇಟೆ ಸಿಕ್ಕಿತು.

ಆ ದುಡಿಮೆಯನ್ನು ಹೊಗಳಿ ಹಾಡುವಂತಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಕೆಳಗೆ ಸುಡುವ ಶಾಖ, ಬಂಡೆ ಸಿಡಿಯುವ ಭಯ. ಕಲ್ಲಿನ ದೂಳು ಕುಡಿದ ಶ್ವಾಸಕೋಶಕ್ಕೆ ಸಿಲಿಕೋಸಿಸ್. ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ 1930ರಲ್ಲಿ ಅವರು 21 ದಿನ ಮುಷ್ಕರ ಹೂಡಿದರು. ಆದರೂ ಗಣಿಯ ಕೆಲಸಕ್ಕೆ ಒಂದು ಗುಣವಿತ್ತು. ಅದರ ಜೊತೆ ಮನೆ, ಆಸ್ಪತ್ರೆ, ಶಾಲೆ ಬರುತ್ತಿದ್ದವು. ತಂದೆಯ ಬಳಿಕ ಮಗನಿಗೂ ಅಲ್ಲೇ ದಾರಿಯಿತ್ತು. ಸಂಘ ಕಟ್ಟಿ ಮಾತಾಡುವ ಬಲವಿತ್ತು. ಒಂದು ಕೆಲಸದ ಸುತ್ತ ಇಡೀ ಊರು ಬೆಳೆದಿತ್ತು.

ಗಣಿ 1956ರಲ್ಲಿ ಮೈಸೂರು ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಹೋಯಿತು. ಅದಿರಿನ ಸತ್ವ ಟನ್ನಿಗೆ ಕೆಲವೇ ಗ್ರಾಂಗಳಿಗೆ ಇಳಿಯಿತು, ಖರ್ಚು ಏರಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಷ್ಟು ಹೊತ್ತಿಗೆ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರ ಜೊತೆ ಅಂಗಡಿ, ಹೋಟೆಲು, ಟೈಲರು, ವರ್ಕ್‌ಶಾಪುಗಳೂ ಸೊರಗಿದವು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಂಪನಿಯ ಕಾರ್ಖಾನೆ ಮಾತ್ರ ಬುಲ್ಡೋಜರು, ಡಂಪರುಗಳನ್ನು ತಯಾರಿಸುತ್ತ ಉಳಿದುಕೊಂಡಿತು. ಗಣಿಯ ನಂಟಿನಿಂದಲೇ 1988ರಲ್ಲಿ ಕೆಜಿಎಫ್‌ನಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯ ಮುಖ್ಯ ಕಚೇರಿ ಕೂಡ ಕಾಲಾನಂತರ ಬೆಂಗಳೂರಿಗೆ ಸ್ಥಳಾಂತರವಾಯಿತು.

ಗಣಿ ಮತ್ತೆ ತೆರೆಯುತ್ತದೆ ಎಂಬ ಮಾತು ಅಂದಿನಿಂದಲೂ ಸುತ್ತುತ್ತಲೇ ಇದೆ. ಸೈನೈಡ್ ಗುಡ್ಡಗಳೆಂದು ಜನ ಕರೆಯುವ ಮಣ್ಣಿನ ರಾಶಿಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿತು. ಅದು ನಡೆದರೂ ಯಂತ್ರಗಳೇ ಹೆಚ್ಚು ಕೆಲಸ ಮಾಡುವ ಉದ್ಯಮವಾಗುತ್ತದೆ. ಹಳೆಯ ಗಣಿಯ ಹಾಗೆ ಸಾವಿರಾರು ಮನೆಗಳಿಗೆ ಅನ್ನ ಕೊಡುವ ಶಕ್ತಿ ಅದಕ್ಕಿರುವುದಿಲ್ಲ.

ಪ್ರಯಾಣವೇ ಬಂಡವಾಳ

ಗಣಿ ಮುಚ್ಚಿದ ವರ್ಷಗಳಲ್ಲೇ ಬೆಂಗಳೂರು ಐಟಿಯ ಬಲದಿಂದ ಪೂರ್ವಕ್ಕೆ ಬೆಳೆಯಿತು. ವೈಟ್‌ಫೀಲ್ಡ್, ಕೆ.ಆರ್. ಪುರ, ಮಹದೇವಪುರಗಳೆಲ್ಲ ಕೋಲಾರದ ರೈಲು ಮಾರ್ಗಕ್ಕೆ ಹತ್ತಿರವಿದ್ದುದು ಕೆಜಿಎಫ್‌ನ ಪಾಲಿಗೆ ಪ್ರಾಣ ಉಳಿಸಿದ ಸಂಗತಿ. ಎರಡು ತಲೆಮಾರಿನ ಇಂಗ್ಲಿಷ್ ಶಾಲೆಯ ಓದು, ತಮಿಳು, ಕನ್ನಡ, ತೆಲುಗು ಮೂರನ್ನೂ ಆಡುವ ನಾಲಿಗೆ, ಯಂತ್ರದ ಕೆಲಸದ ಪರಿಚಯ ಈ ಊರಿನವರನ್ನು ನಗರದ ಕೆಲಸಕ್ಕೆ ಒಗ್ಗಿಸಿದವು. 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಬಂದ ಮೇಲೆ ರೈಲಿನಿಂದ ಇಳಿದು ಮೆಟ್ರೊ ಹತ್ತುವವರ ದಾರಿ ಇನ್ನಷ್ಟು ಸುಗಮವಾಯಿತು.

ಆದರೆ ಈ ವ್ಯವಸ್ಥೆಯ ಖರ್ಚನ್ನು ಹೊರುವವನು ಕಾರ್ಮಿಕನೇ. ದಿನಕ್ಕೆ ನಾಲ್ಕು, ಐದು ಗಂಟೆ ಪ್ರಯಾಣದಲ್ಲಿ ಕಳೆಯುವವನಿಗೆ ಎಂಟು ಗಂಟೆಯ ಕೆಲಸ ಹನ್ನೆರಡು, ಹದಿಮೂರು ಗಂಟೆಯಾಗುತ್ತದೆ. ರೈಲು ತಡವಾದರೆ ಸಂಬಳಕ್ಕೆ ಕತ್ತರಿ. ಚಿಕ್ಕ ಮಕ್ಕಳಿರುವ ಹೆಣ್ಣುಮಗಳಿಗೆ ಇಂಥ ಕೆಲಸ ಬಹುಕಾಲ ಒಗ್ಗುವುದಿಲ್ಲ. ಅವಳು ಬಿಡುತ್ತಾಳೆ, ಇಲ್ಲವೇ ಊರಿನಲ್ಲೇ ಕಡಿಮೆ ಕೂಲಿಗೆ ನಿಲ್ಲುತ್ತಾಳೆ. ನಗರಕ್ಕೆ ಇದರಿಂದ ಲಾಭವುಂಟು: ಅಷ್ಟೂ ಜನರಿಗೆ ಮನೆ, ನೀರು, ಶಾಲೆ ಒದಗಿಸುವ ಹೊರೆ ಅದಕ್ಕೆ ತಪ್ಪುತ್ತದೆ. ಆ ಹೊರೆ ಕೆಜಿಎಫ್, ಬಂಗಾರಪೇಟೆ, ಮಾಲೂರಿನ ಪುರಸಭೆ, ನಗರಸಭೆಗಳ ಮೇಲೆ ಬೀಳುತ್ತದೆ. ಜನರ ದುಡಿಮೆಯಿಂದ ಹುಟ್ಟುವ ತೆರಿಗೆ, ವಹಿವಾಟು ಮಾತ್ರ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತವೆ.

ನರಸಾಪುರದ ಪಾಠ

ಹಾಗಾದರೆ ಕಾರ್ಖಾನೆಗಳೇ ಜಿಲ್ಲೆಗೆ ಬಂದರೆ? ಅದೂ ಆಯಿತು. ಚೆನ್ನೈ ಹೆದ್ದಾರಿಯ ಪಕ್ಕದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ತೆರೆಯಿತು. ಸ್ಕ್ಯಾನಿಯಾ, ಮಹೀಂದ್ರ ಏರೋಸ್ಪೇಸ್, ಬಿಡಿಭಾಗಗಳ ಹಲವು ಕಂಪನಿಗಳು ಬಂದವು. ಪಕ್ಕದ ವೇಮಗಲ್ ಬೆಳೆಯಿತು. ಏರ್‌ಬಸ್ ಕಂಪನಿಯ ಎಚ್125 ಹೆಲಿಕಾಪ್ಟರ್‌ಗಳನ್ನು ಟಾಟಾ ಸಂಸ್ಥೆ ಜೋಡಿಸುವ ಘಟಕಕ್ಕೆ ಆಯ್ಕೆಯಾದದ್ದೂ ಇದೇ ವೇಮಗಲ್. 2020ರಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ನರಸಾಪುರದಲ್ಲಿ ಐಫೋನ್ ತಯಾರಿಕೆ ಶುರುಮಾಡಿತು. ಸುತ್ತಲ ಹಳ್ಳಿಗಳ ರೈತರ ಮಕ್ಕಳು ಕೈಗವಸು ತೊಟ್ಟು ಜಗತ್ತಿನ ದುಬಾರಿ ಫೋನನ್ನು ಜೋಡಿಸತೊಡಗಿದರು.

ಅದೇ ವರ್ಷ ಡಿಸೆಂಬರ್ 12ರ ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಿತು. ಗಾಜು ಒಡೆಯಿತು, ವಾಹನಗಳು ಉರುಳಿದವು. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದರು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ಆ ಬಳಿಕ ನಡೆದ ಸರ್ಕಾರಿ ತನಿಖೆ ಬಯಲಿಗಿಟ್ಟದ್ದನ್ನು ಕೋಲಾರದ ಉದ್ಯೋಗದ ಬಗ್ಗೆ ಮಾತಾಡುವವರೆಲ್ಲ ನೆನಪಿಡಬೇಕು. ಐದು ಸಾವಿರ ಜನರಿಗೆ ಅನುಮತಿ ಪಡೆದ ಕಾರ್ಖಾನೆ ಅಲ್ಪ ಕಾಲದಲ್ಲೇ ಹತ್ತೂವರೆ ಸಾವಿರ ಜನರನ್ನು ತುಂಬಿಕೊಂಡಿತ್ತು. ಅವರಲ್ಲಿ ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಪಾಳಿ ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಏರಿತ್ತು. ಹಾಜರಿಯ ಯಂತ್ರ ಸರಿಯಿರಲಿಲ್ಲ. ಮಾಡಿದ ಹೆಚ್ಚುವರಿ ಗಂಟೆಗಳ ಕೆಲಸಕ್ಕೆ (ಓಟಿ) ತಕ್ಕ ಹಣ ಬಂದಿರಲಿಲ್ಲ. ತಮಗೆ ಹೇಳಿದ್ದ ಸಂಬಳಕ್ಕೂ ಖಾತೆಗೆ ಬಂದ ಹಣಕ್ಕೂ ತಾಳೆಯಿಲ್ಲ ಎಂದು ಕಾರ್ಮಿಕರು ದೂರಿದ್ದರು. ಆಪಲ್ ಕಂಪನಿ ವಿಸ್ಟ್ರಾನನ್ನು ಕೆಲಕಾಲ ನಿಗಾದಲ್ಲಿಟ್ಟು ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ವಿಸ್ಟ್ರಾನ್ ತನ್ನ ಲೋಪವನ್ನು ಒಪ್ಪಿಕೊಂಡು ಭಾರತದ ಘಟಕದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಕಾರ್ಖಾನೆ ಟಾಟಾ ಎಲೆಕ್ಟ್ರಾನಿಕ್ಸ್ ಪಾಲಾಯಿತು, ಇನ್ನೂ ದೊಡ್ಡದಾಗಿ ಬೆಳೆಯಿತು.

ತೊಂಬತ್ತು ವರ್ಷಗಳ ಅಂತರದಲ್ಲಿ ಒಂದೇ ಜಿಲ್ಲೆಯಲ್ಲಿ ನಡೆದ ಎರಡು ಜಗಳಗಳನ್ನು ಹೋಲಿಸಿ ನೋಡಬಹುದು. 1930ರಲ್ಲಿ ಬೆರಳಚ್ಚಿನ ವಿಷಯಕ್ಕೆ ಗಣಿ ಕಾರ್ಮಿಕರು ಮೂರು ವಾರ ಒಟ್ಟಾಗಿ ನಿಂತರು. ಅವರೆಲ್ಲ ಒಂದೇ ಲೈನಿನ ಮನೆಗಳವರು, ಒಬ್ಬರಿಗೊಬ್ಬರು ಪರಿಚಿತರು. 2020ರಲ್ಲಿ ಹಾಜರಿಯ ವಿಷಯಕ್ಕೆ ಸಿಟ್ಟಾದ ಯುವಕರಿಗೆ ಅಹವಾಲು ಹೇಳಿಕೊಳ್ಳಲು ಸಂಘವಿರಲಿಲ್ಲ, ಹಲವರಿಗೆ ತಮ್ಮ ಮಾಲೀಕ ಏಜೆನ್ಸಿಯೋ ಕಂಪನಿಯೋ ಎಂಬುದೇ ಸ್ಪಷ್ಟವಿರಲಿಲ್ಲ. ಮಾತಿಗೆ ದಾರಿಯಿಲ್ಲದ ಕಡೆ ಕಲ್ಲು ಹಾರಿತು.

ಇದು ಕೋಲಾರಕ್ಕೆ ಮಾತ್ರ ಅಂಟಿದ ರೋಗವಲ್ಲ. 2023-24ರ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ತಿಂಗಳ ಸಂಬಳದವರು ಶೇ 21.7 ಮಾತ್ರ. ಕೃಷಿಯ ಹೊರಗೆ ಸಂಬಳಕ್ಕೆ ದುಡಿಯುವವರಲ್ಲೂ ಶೇ 58ರಷ್ಟು ಜನರ ಕೈಯಲ್ಲಿ ಲಿಖಿತ ಕರಾರು ಇಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ ಹನ್ನೆರಡು ಗಂಟೆಯವರೆಗೂ ದುಡಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ತೆಗೆದುಕೊಳ್ಳಲು ದಾರಿ ಮಾಡಿತು. ಮೂರು ತಿಂಗಳ ಓಟಿಯ ಮಿತಿ 75 ಗಂಟೆಯಿಂದ ಬಹುತೇಕ ದುಪ್ಪಟ್ಟಾಯಿತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳನ್ನು ಸೆಳೆಯುವ ಸ್ಪರ್ಧೆ ಇದರ ಹಿಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕೆನ್ನುತ್ತವೆ, ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಹಕ್ಕು ಕೊಡುತ್ತವೆ. ನರಸಾಪುರದಂಥ ಕಡೆ ಈ ಮಾತು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದೇ ಅವುಗಳ ನಿಜವಾದ ಪರೀಕ್ಷೆ.

ಹಾಲು, ರೇಷ್ಮೆ, ಟೊಮೆಟೊ

ಚಿನ್ನ, ಹಾಲು, ರೇಷ್ಮೆಯ ನಾಡೆಂದು ಕೋಲಾರವನ್ನು ಕರೆಯುವುದು ವಾಡಿಕೆ. ಚಿನ್ನ ಹೋಯಿತು, ಉಳಿದೆರಡು ಇಂದಿಗೂ ಮನೆ ನಡೆಸುತ್ತಿವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಅಷ್ಟು ನೀರಿನಲ್ಲೇ ಹನಿ ನೀರಾವರಿ ಮಾಡಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು, ಎರಡು ಹಸು ಕಟ್ಟಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವವರು, ಶ್ರೀನಿವಾಸಪುರದ ಮಾವಿನ ತೋಪಿನವರು, ಎಲ್ಲರೂ ಸಮೀಕ್ಷೆಯ ಭಾಷೆಯಲ್ಲಿ ಸ್ವಯಂ ಉದ್ಯೋಗಿಗಳು. 2023-24ರಲ್ಲಿ ದೇಶದ ದುಡಿಯುವವರಲ್ಲಿ ಶೇ 58ಕ್ಕೂ ಹೆಚ್ಚು ಜನ ಈ ವರ್ಗದವರಾಗಿದ್ದರು. ಇವರಿಗೆ ನಿರುದ್ಯೋಗವೆಂಬುದಿಲ್ಲ, ಆದರೆ ಆದಾಯಕ್ಕೆ ಖಾತರಿಯೂ ಇಲ್ಲ.

ಕೋಲಾರದ ಟೊಮೆಟೊ ಮಾರುಕಟ್ಟೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಏಷ್ಯಾದ ದೊಡ್ಡ ಟೊಮೆಟೊ ಮಂಡಿಗಳಲ್ಲಿ ಒಂದೆನಿಸಿದ ಇಲ್ಲಿ 2023ರ ಜುಲೈನಲ್ಲಿ ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದಿದ್ದಾರೆ. ಆದರೂ ಈ ಮಂಡಿಯ ಸುತ್ತ ಹಮಾಲರು, ಹಣ್ಣು ಆರಿಸುವ ಹೆಂಗಸರು, ಬಾಕ್ಸು ಬಾಡಿಗೆಗೆ ಕೊಡುವವರು, ಲಾರಿಯವರು ಎಂದು ಸಾವಿರಾರು ಜನರ ದುಡಿಮೆ ನಿಂತಿದೆ. ಟೊಮೆಟೊ ಸಂಸ್ಕರಿಸುವ ಘಟಕಗಳು, ಶೀತಲಗೃಹಗಳು ಜಿಲ್ಲೆಯಲ್ಲಿ ಸಾಕಷ್ಟು ಬೆಳೆದಿದ್ದರೆ ಬೆಲೆ ಬಿದ್ದ ದಿನವೂ ಈ ದುಡಿಮೆ ನಿಲ್ಲುತ್ತಿರಲಿಲ್ಲ.

ಕೃಷಿಯ ಉದ್ಯೋಗವೂ ಈಗ ಬೆಂಗಳೂರಿಗೆ ಅಂಟಿಕೊಂಡಿದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು, ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆಯಡಿ, ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆಗಳು ತುಂಬಿದವು, ಕೆರೆಯಂಚಿನ ಬಾವಿಗಳಲ್ಲಿ ನೀರೇರಿತು, ಬಿಟ್ಟ ಹೊಲಗಳಲ್ಲಿ ಮತ್ತೆ ಬೇಸಾಯ ಕಂಡಿತು. ಈ ನೀರನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿ ಬಿಡಿ ಎಂದು ರೈತ ಸಂಘಟನೆಗಳೂ ನೀರಾವರಿ ಹೋರಾಟಗಾರರೂ ವರ್ಷಗಳಿಂದ ಕೇಳುತ್ತಿದ್ದಾರೆ. ಹಾಲು, ತರಕಾರಿ, ಆಳು ಎಲ್ಲವನ್ನೂ ನಗರಕ್ಕೆ ಕೊಡುವ ಜಿಲ್ಲೆ ಬದಲಿಗೆ ಶುದ್ಧ ನೀರು ಕೇಳುವುದು ನ್ಯಾಯವಾದ ಬೇಡಿಕೆ.

ನೆರೆಯವರು ನಡೆದ ದಾರಿ

ಬೆಂಗಳೂರಿನ ಸುತ್ತ ಇರುವ ಊರುಗಳಲ್ಲಿ ಕೋಲಾರ ಒಂಟಿಯಲ್ಲ. ಬಿಡದಿಗೆ 1990ರ ದಶಕದ ಕೊನೆಯಲ್ಲಿ ಟೊಯೋಟಾ ಬಂತು, ಹೊಸಕೋಟೆಗೆ ವೋಲ್ವೊ ಬಂತು. 2008ರಲ್ಲಿ ವಿಮಾನ ನಿಲ್ದಾಣ ತೆರೆದ ದೇವನಹಳ್ಳಿಯಲ್ಲಿ ಈಗ ಫಾಕ್ಸ್‌ಕಾನ್‌ನ ಐಫೋನ್ ಕಾರ್ಖಾನೆ ಸಾವಿರಾರು ಯುವತಿಯರನ್ನು ಕೆಲಸಕ್ಕೆ ತೆಗೆದುಕೊಂಡಿದೆ. ಗುಬ್ಬಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 1,777 ಎಕರೆ ಭೂಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಡುವಂತೆ ಮಾಡಿದ್ದೂ ಇದೇ ಪ್ರದೇಶದ ಕಥೆ. ಬರಲಿರುವ ಕೆಲಸದ ಭರವಸೆಗಿಂತ ಕೈಯಲ್ಲಿರುವ ಹೊಲವೇ ಹೆಚ್ಚು ಭದ್ರ ಎಂದು ಆ ರೈತರು ತೀರ್ಮಾನಿಸಿದ್ದರು.

ಕೋಲಾರ ಹೆಚ್ಚು ಗಮನಿಸಬೇಕಾದ ಊರು ರಾಜ್ಯದ ಗಡಿಯಾಚೆಗಿದೆ. ಮಾಲೂರಿಗೆ ಹತ್ತಿರವಿರುವ ಹೊಸೂರು 1970ರ ದಶಕದವರೆಗೆ ಸಣ್ಣ ಪೇಟೆ. ತಮಿಳುನಾಡಿನ ಸಿಪ್ಕಾಟ್ ಸಂಸ್ಥೆ ಅಲ್ಲಿ ಕೈಗಾರಿಕಾ ಪ್ರದೇಶ ಕಟ್ಟಿದ ಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, 1980ರ ದಶಕದಲ್ಲಿ ಟೈಟನ್ ಬಂದವು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ನೂರಾರು ಸಣ್ಣ ಘಟಕಗಳು ಸುತ್ತ ಹುಟ್ಟಿದವು. ಅವುಗಳಲ್ಲಿ ಕೆಲಸ ಕಲಿತವರು ತಾವೇ ಲೇತ್ ಯಂತ್ರ ಹಾಕಿ ಘಟಕ ತೆರೆದರು. ಹೊಸೂರಿಗೂ ಬೆಂಗಳೂರೇ ಮಾರುಕಟ್ಟೆ, ಬೆಂಗಳೂರೇ ವಿಮಾನ ನಿಲ್ದಾಣ. ಆದರೂ ಹೊಸೂರು ತನ್ನದೇ ನಗರವಾಯಿತು. ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳು ಬಂದವು, ಅವುಗಳ ಸುತ್ತ ಸ್ಥಳೀಯರ ಸಣ್ಣ ಘಟಕಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಬಾಡಿಗೆ ಕೋಣೆ, ಪಿಜಿ, ಕ್ಯಾಂಟೀನು, ಕಾರ್ಮಿಕರನ್ನು ಸಾಗಿಸುವ ಬಸ್ಸು ಇವೇ ಊರಿನವರ ಮುಖ್ಯ ವ್ಯಾಪಾರವಾಗಿವೆ. ಶ್ರೀನಿವಾಸಪುರದ ಬಳಿ ಬರಲಿದೆಯೆಂದು ಒಂದು ದಶಕದ ಹಿಂದೆ ಘೋಷಣೆಯಾದ ರೈಲ್ವೆ ಬೋಗಿ ಕಾರ್ಖಾನೆ ಎದ್ದು ನಿಲ್ಲಲೇ ಇಲ್ಲ.

ಸ್ಥಳೀಯರು ಯಾರು?

ಉದ್ಯೋಗದ ಚರ್ಚೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಮೀಸಲಾತಿಯ ಕಡೆಗೆ ತಿರುಗುತ್ತದೆ. 1986ರಲ್ಲಿ ವರದಿ ಕೊಟ್ಟ ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸುಗಳನ್ನು ಮಾಡಿತ್ತು. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತು. ಉದ್ಯಮಿಗಳು ವಿರೋಧಿಸಿದಾಗ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು.

ಆ ಮಸೂದೆಯ ಕಣ್ಣಿನಲ್ಲಿ ಇಡೀ ರಾಜ್ಯವೇ ಒಂದು ಊರು. ನರಸಾಪುರದ ಕಾರ್ಖಾನೆಗೆ ಬೀದರಿನವರೂ ಸ್ಥಳೀಯರೇ, ಮುಳಬಾಗಿಲಿನವರೂ ಸ್ಥಳೀಯರೇ. ಹೊಲ ಬಿಟ್ಟುಕೊಟ್ಟ ನರಸಾಪುರದ ಕುಟುಂಬಕ್ಕೆ ಅದರಲ್ಲಿ ವಿಶೇಷ ಸ್ಥಾನವಿರಲಿಲ್ಲ. ಇನ್ನೊಂದೆಡೆ, ನಾಲ್ಕೈದು ತಲೆಮಾರಿನಿಂದ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ತಮಿಳು ಮನೆಮಾತಿನ ಯುವಕ ಕನ್ನಡ ಓದಲು, ಬರೆಯಲು ಕಲಿತಿಲ್ಲದಿದ್ದರೆ ಹೊರಗುಳಿಯುತ್ತಿದ್ದ. ಅವನಿಗೆ ಶಾಲೆಯಲ್ಲೇ ಒಳ್ಳೆಯ ಕನ್ನಡ ಕಲಿಸುವುದು ಸರ್ಕಾರದ ಹೊಣೆ. ಹಾಗೆಯೇ ಗುತ್ತಿಗೆಯ ಕೆಲಸದಲ್ಲಿ ನೂರಕ್ಕೆ ಎಪ್ಪತ್ತು ಸ್ಥಳೀಯರಿದ್ದರೂ, ಹನ್ನೊಂದು ತಿಂಗಳಿಗೆ ಅವರನ್ನೇ ಬದಲಾಯಿಸುವುದಾದರೆ ಆ ಶೇಕಡಾವಾರಿಗೆ ಅರ್ಥವಿಲ್ಲ.

ಏನಾಗಬೇಕು

ಮೊದಲು ಲೆಕ್ಕ ಸರಿಯಾಗಬೇಕು. ಕಾರ್ಮಿಕ ಬಲ ಸಮೀಕ್ಷೆಯ ಮಾದರಿಯನ್ನು 2025ರ ಜನವರಿಯಿಂದ ಜಿಲ್ಲೆಯನ್ನೇ ಮೂಲ ಘಟಕವಾಗಿಟ್ಟು ರೂಪಿಸಲಾಗಿದೆ. ಈ ಅವಕಾಶ ಬಳಸಿಕೊಂಡು ಕೋಲಾರದಂಥ ಜಿಲ್ಲೆಗಳು ವರ್ಷಕ್ಕೊಮ್ಮೆ ಉದ್ಯೋಗದ ವರದಿ ಹೊರತರಬೇಕು. ಅದರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು, ದಿನವೂ ಜಿಲ್ಲೆಯಾಚೆ ಹೋಗುವವರೆಷ್ಟು ಎಂಬ ಮೂರು ಅಂಕಿಗಳಾದರೂ ಇರಬೇಕು. ಸರ್ಕಾರದ ಜಮೀನು, ತೆರಿಗೆ ವಿನಾಯಿತಿ ಪಡೆದ ಕಾರ್ಖಾನೆಗಳು ಯಾವ ತಾಲ್ಲೂಕಿನ ಎಷ್ಟು ಜನರನ್ನು ಯಾವ ಕರಾರಿನ ಮೇಲೆ ತೆಗೆದುಕೊಂಡಿವೆ ಎಂಬುದನ್ನು ಬಹಿರಂಗವಾಗಿ ಹೇಳಬೇಕು.

ಕೆಜಿಎಫ್‌ನಲ್ಲಿ ಗಣಿ ಕಂಪನಿಯ ಸಾವಿರಾರು ಎಕರೆ ಜಮೀನಿದೆ, ರೈಲು ಹಳಿಯಿದೆ, ಯಂತ್ರದ ಕೆಲಸ ಬಲ್ಲ ಜನರಿದ್ದಾರೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಭಾಗವೂ ಸಿದ್ಧವಾಗಿದೆ. ಹೊಸ ಫಲವತ್ತಾದ ಹೊಲಗಳಿಗೆ ಕೈಹಾಕುವ ಮೊದಲು ಈ ಜಮೀನಿನಲ್ಲಿ ಹೊಸೂರಿನ ಮಾದರಿಯ ಸಣ್ಣ ಘಟಕಗಳ ಕೈಗಾರಿಕಾ ಪ್ರದೇಶ ಬರಲಿ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಎಲೆಕ್ಟ್ರಾನಿಕ್ಸ್ ಜೋಡಣೆ, ವಿಮಾನ ಬಿಡಿಭಾಗಗಳ ತಯಾರಿಕೆಯ ಕಲಿಕೆ ನರಸಾಪುರ, ವೇಮಗಲ್‌ನ ಕಾರ್ಖಾನೆಗಳ ಜೊತೆಗೂಡಿ ನಡೆಯಲಿ. ಬೆಂಗಳೂರು ಉಪನಗರ ರೈಲಿನ ಕೆಂಗೇರಿ ಮಾರ್ಗ ಸದ್ಯದ ಯೋಜನೆಯಲ್ಲಿ ವೈಟ್‌ಫೀಲ್ಡ್‌ಗೇ ನಿಲ್ಲುತ್ತದೆ. ಅದು ಮಾಲೂರು ದಾಟಿ ಬಂಗಾರಪೇಟೆ ಮುಟ್ಟಿದರೆ ಪ್ರಯಾಣವನ್ನೇ ನಂಬಿ ಬದುಕುವ ಸಾವಿರಾರು ಜನರಿಗೆ ದಿನಕ್ಕೆ ಒಂದೆರಡು ಗಂಟೆಯಾದರೂ ಉಳಿಯುತ್ತದೆ. ಜಿಲ್ಲೆಯ ಶಾಸಕರು, ಸಂಸದರು ಮುಂದಿನ ಸಲ ಹೊಸ ಕಾರ್ಖಾನೆಯ ಶಂಕುಸ್ಥಾಪನೆಗೆ ಬಂದಾಗ ಎಷ್ಟು ಕೋಟಿ ಬಂಡವಾಳ ಎಂಬುದರ ಜೊತೆಗೆ ಎಷ್ಟು ಕಾಯಂ ಕೆಲಸ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಕೋಲಾರದ ಜನ ಅದನ್ನು ಕೇಳಬೇಕು.